ಫ್ಯೂಸ್ ಸುಟ್ಟರೆ ಕಾರಣ ಹುಡುಕಿ

ಮಕ್ಕಳೇ, ಕಾರಿನಲ್ಲಿ ಹಾಡು ನಿಂತ ಕೂಡಲೇ ಆಂಪ್ಲಿಫೈಯರ್ ಕೆಟ್ಟಿತೆನ್ನಬೇಡಿ. ಅದನ್ನು ನಡೆಸುವುದು ಮೂರು ತಂತಿಗಳು: ಬ್ಯಾಟರಿಯಿಂದ ಬರುವ ದಪ್ಪ ತಂತಿ, ಕಾರಿನ ಮೈಗೆ ಸೇರುವ ಅರ್ತಿಂಗ್, ‘ಏಳು’ ಎಂದು ಸ್ಟೀರಿಯೊ ಹೇಳಿಕಳಿಸುವ ರಿಮೋಟ್ ತಂತಿ. ಸ್ಟೀರಿಯೊ ಹಾಕಿದಾಗ ಮೊದಲನೆಯದರಲ್ಲೂ ಮೂರನೆಯದರಲ್ಲೂ ಸುಮಾರು 12 ವೋಲ್ಟ್ ಇರಬೇಕು. ಎಂಜಿನ್ ವೇಗದ ಜೊತೆ ಸ್ಪೀಕರಿನ ‘ಕುಂಯ್’ ಸದ್ದೂ ಏರಿದರೆ ಹೆಚ್ಚಾಗಿ ಅರ್ತಿಂಗ್ ಸಡಿಲ.

“ತಾತಾ, ಸುಟ್ಟ ಫ್ಯೂಸಿಗೆ ತಂತಿ ಸುತ್ತಿಬಿಡ್ಲಾ?” ಎಂದ ನನ್ನ ಮೊಮ್ಮಗ. ಬೇಡವೆಂದೆ. ಬ್ಯಾಂಕಿನಲ್ಲಿ ಲೆಕ್ಕ ತಾಳೆಯಾಗದಿದ್ದರೆ ನಾವು ವೋಚರುಗಳನ್ನು ಒಂದೊಂದಾಗಿ ನೋಡುತ್ತಿದ್ದೆವು. ಸುಳ್ಳು ಅಂಕಿ ತುಂಬುತ್ತಿರಲಿಲ್ಲ. ಫ್ಯೂಸ್ ತಾನು ಸುಟ್ಟು ಕಾರನ್ನು ಉಳಿಸುತ್ತದೆ. ತಂತಿ ಸುತ್ತಿದರೆ ಕಾರೇ ಹೊತ್ತಿಕೊಳ್ಳಬಹುದು. ಹಿರಿಯರ ಜೊತೆ ಹೋಗಿ ಮೆಕ್ಯಾನಿಕ್‌ಗೆ ತೋರಿಸಿ, ದೋಷ ಸರಿಪಡಿಸಿದ ಮೇಲೆ ಅಷ್ಟೇ ಆಂಪಿಯರಿನ ಫ್ಯೂಸ್ ಹಾಕಿಸಿ. ಹಾಡು ಒಂದು ದಿನ ತಡವಾದರೆ ಚಿಂತೆಯಿಲ್ಲ.