ಮಹತ್ವಾಕಾಂಕ್ಷೆಯೂ ಮನೆಯ ಹಗೇವೂ

ಹಲವು ಬಾಗಿಲುಗಳ ಸದ್ದು ಹೆಸರಿನಲ್ಲಿಯೇ ಕೇಳಿಸುವ ಹಲವಾಗಲಿನಲ್ಲಿಯಾಗಲಿ, ಹರಪನಹಳ್ಳಿ ಸೀಮೆಯ ಬೇರೆ ಯಾವ ಊರಿನಲ್ಲಿಯಾಗಲಿ, ಒಂದು ಮನೆಯ ಮಗನು ಮೇಲಿನ ಓದಿಗೆ ಹೊರಟನೆಂದರೆ ಹೊರಡುವವನು ಅವನೊಬ್ಬನೇ ಅಲ್ಲ. ಹೊಲದ ಒಂದು ತುಂಡು ಅವನೊಡನೆ ಹೊರಡುತ್ತದೆ. ತಾಯಿಯ ಕೊರಳಿನ ಬಂಗಾರವು ಹೊರಡುತ್ತದೆ. ನಡುವೆಯೇ ಓದು ನಿಲ್ಲಿಸಿ ಎತ್ತಿನ ಹಿಂದೆ ನಿಂತ ತಮ್ಮನ ಹರೆಯವು ಹೊರಡುತ್ತದೆ. ಹಕ್ಕುಬಿಡುಗಡೆಯ ಪತ್ರದ ಮೇಲೆ ಅಕ್ಕನು ಹಾಕಿಕೊಟ್ಟ ರುಜುವೂ ಹೊರಡುತ್ತದೆ. ವರ್ಷಗಳು ಕಳೆದ ತರುವಾಯ ಆ ಮಗನು ಬೆಂಗಳೂರಿನಲ್ಲಿಯೋ ಸಮುದ್ರದಾಚೆಯಲ್ಲಿಯೋ ದೊಡ್ಡವನಾಗಿ, ಊರ ಶಾಲೆಯ ಸಮಾರಂಭಕ್ಕೆ ಅತಿಥಿಯಾಗಿ ಬಂದು, ತಾನು ದೊಡ್ಡ ಕನಸನ್ನು ಕಂಡುದರಿಂದಲೇ ದೊಡ್ಡವನಾದೆನೆಂದು ಉಪದೇಶಿಸುತ್ತಾನೆ. ಸಭೆಯು ಕೈತಟ್ಟುತ್ತದೆ. ಆ ಭಾಷಣದಲ್ಲಿ ‘ನಾನು’ ಎಂಬ ಮಾತು ಎಷ್ಟು ಸಲ ಬಂದಿತೆಂಬುದನ್ನು ಹಿಂದಿನ ಸಾಲಿನಲ್ಲಿ ಕುಳಿತ ತಮ್ಮನು ಎಣಿಸುವುದಿಲ್ಲ. ಎಣಿಸತಕ್ಕ ಕೆಲಸವು ಓದಿದವರದು, ಅವರೂ ಎಣಿಸುವುದಿಲ್ಲ.

ಇದನ್ನು ಕೇಳಿದೊಡನೆ ಕೆಲವು ಹಿರಿಯರು ತಮ್ಮ ಪಕ್ಷಕ್ಕೆ ಬಲ ಬಂದಿತೆಂದು ಹಿಗ್ಗಿ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಮುಂದೆ ಇಡಬಹುದು. ಅವರು ಹಿಗ್ಗಬೇಕಾದುದಿಲ್ಲ. ಆ ಗಾದೆಯನ್ನು ಹೆಚ್ಚಾಗಿ ಹೇಳುವವರು ಅಗಲವಾದ ಹಾಸಿಗೆಯುಳ್ಳವರು. ಕೇಳಬೇಕಾದವರು ಮಾತ್ರ ಕಂಬಳಿಯ ಚೂರಿನ ಮೇಲೆ ಮಲಗಿದವರು. ದೊಡ್ಡ ಆಸೆಯನ್ನು ಯಾರೂ ಇಟ್ಟುಕೊಳ್ಳದ ನಾಡಿನಲ್ಲಿ ಕೆರೆಯಿಲ್ಲ, ಗುಡಿಯಿಲ್ಲ, ಗ್ರಂಥವಿಲ್ಲ. ವಿವಾದವು ಆಸೆಯ ಗಾತ್ರವನ್ನು ಕುರಿತದ್ದಲ್ಲ. ಆ ಆಸೆಗೆ ತೆರಿಗೆಯನ್ನು ಕೊಟ್ಟವರು ಯಾರು ಎಂಬುದನ್ನು ಕುರಿತದ್ದು.

ಈ ಪ್ರಶ್ನೆಗೆ ಈ ಸೀಮೆಯ ನದಿಯ ದಂಡೆಯಲ್ಲಿಯೇ ಒಂದು ಹಳೆಯ ಸಾಕ್ಷಿಯುಂಟು. ಕ್ರಿ. ಶ. ೧೦೬೮ರಲ್ಲಿ ಕಲ್ಯಾಣದ ಚಾಲುಕ್ಯರ ಆಹವಮಲ್ಲ ಸೋಮೇಶ್ವರನು, ಗುಣವಾಗದ ಜ್ವರದಿಂದ ನೊಂದು, ಕುರುವತ್ತಿಯಲ್ಲಿ ತುಂಗಭದ್ರೆಗೆ ಇಳಿದು ದೇಹವನ್ನು ಬಿಟ್ಟನು. ಹಿರಿಯ ಮಗನಾದ ಎರಡನೆಯ ಸೋಮೇಶ್ವರನಿಗೆ ಪಟ್ಟವಾಯಿತು. ಎರಡನೆಯ ಮಗನಾದ ವಿಕ್ರಮಾದಿತ್ಯನು ಎಂಟು ವರ್ಷ ಕಾದು, ೧೦೭೬ರಲ್ಲಿ ಅಣ್ಣನನ್ನು ಯುದ್ಧದಲ್ಲಿ ಸೋಲಿಸಿ ಸೆರೆಹಿಡಿದು, ತಾನೇ ಸಿಂಹಾಸನವನ್ನೇರಿದನು. ಅಷ್ಟಕ್ಕೆ ತೃಪ್ತನಾಗದೆ ಶಕವರ್ಷದ ಎಣಿಕೆಯನ್ನೇ ಬದಿಗಿರಿಸಿ, ಚಾಲುಕ್ಯ ವಿಕ್ರಮವರ್ಷವೆಂಬ ತನ್ನ ಹೆಸರಿನ ಕಾಲಗಣನೆಯನ್ನು ಹೂಡಿದನು. ಕಾಲವನ್ನೇ ತನ್ನಿಂದ ಮೊದಲುಮಾಡಿ ಎಣಿಸಿರೆಂದು ಲೋಕಕ್ಕೆ ಹೇಳುವುದಕ್ಕಿಂತ ಹಿರಿದಾದ ಆಕಾಂಕ್ಷೆಯು ಮನುಷ್ಯನಿಗೆ ಇರಲಾರದು. ಆ ಗಣನೆಯು ಅವನ ವಂಶದ ರಾಜ್ಯದೊಡನೆಯೇ ಬಳಕೆ ತಪ್ಪಿತು. ಶಕವರ್ಷವು ಇಂದಿಗೂ ಪಂಚಾಂಗದಲ್ಲಿದೆ.

ವಿಕ್ರಮಾದಿತ್ಯನ ಆಸ್ಥಾನಕವಿಯಾದ ಕಾಶ್ಮೀರದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ ಈ ಸಂಗತಿಯನ್ನು ನಡೆಸಿರುವ ಬಗೆಯು ಗಮನಾರ್ಹವಾಗಿದೆ. ಯುವರಾಜಪದವಿಯನ್ನು ತಂದೆಯೇ ಕೊಡಬಂದರೂ ಅದು ಅಣ್ಣನ ಹಕ್ಕೆಂದು ವಿಕ್ರಮನು ಒಲ್ಲೆನೆಂದನಂತೆ. ಕೊನೆಗೆ ಅಣ್ಣನ ಮೇಲೆ ಕೈಯೆತ್ತಬೇಕಾದಾಗ ಸಾಕ್ಷಾತ್ ಶಿವನೇ ಅಪ್ಪಣೆ ಮಾಡಿದನಂತೆ. ಹೊಣೆಯನ್ನು ಹೊರಲಾರದ ಆಕಾಂಕ್ಷೆಯು ಯಾವಾಗಲೂ ಹೀಗೆಯೇ ಒಬ್ಬ ದೇವರನ್ನು ಕರೆತರುತ್ತದೆ. ಈಗಿನ ಕಾಲದಲ್ಲಿ ಆ ದೇವರ ಹೆಸರು ‘ಪ್ರತಿಭೆ’.

ಆ ರಾಜನು ಐವತ್ತು ವರ್ಷ ಚೆನ್ನಾಗಿ ಆಳಿದನಲ್ಲವೇ, ವಿದ್ವಾಂಸರನ್ನು ಪೋಷಿಸಿದನಲ್ಲವೇ, ಫಲವನ್ನು ನೋಡಿ ಬೀಜವನ್ನು ಕ್ಷಮಿಸಬಾರದೇ ಎಂದು ಪೂರ್ವಪಕ್ಷದವರು ಕೇಳುತ್ತಾರೆ. ಅವನು ದೊಡ್ಡ ಅರಸನೆಂಬುದು ಒಪ್ಪತಕ್ಕದ್ದೇ. ಆದರೆ ಐವತ್ತು ವರ್ಷದ ಆಳಿಕೆಯು ಸಾಲದ ತೀರುವೆಯಾದೀತೇ ಹೊರತು, ಸೆರೆಯಲ್ಲಿದ್ದ ಅಣ್ಣನು ಕೊಟ್ಟ ಒಪ್ಪಿಗೆಯಾಗಲಾರದು. ತರುವಾಯ ತಮ್ಮನಾದ ಜಯಸಿಂಹನು ವಿಕ್ರಮಾದಿತ್ಯನ ಮೇಲೆಯೇ ದಂಡೆತ್ತಿ ಬಂದು ಸೋತನು. ಅಣ್ಣನನ್ನು ಕೆಡವಿ ಮೇಲೇರುವ ಪಾಠವನ್ನು ಅವನು ಬೇರೆ ಮಠದಲ್ಲಿ ಕಲಿಯಬೇಕಾಗಿರಲಿಲ್ಲ.

ವಿಚಿತ್ರವೇನೆಂದರೆ, ಅದೇ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಅಣ್ಣತಮ್ಮಂದಿರು ತಂದೆಯ ಆಸ್ತಿಯನ್ನು ಹೇಗೆ ಹಂಚಿಕೊಳ್ಳತಕ್ಕದ್ದೆಂಬುದೇ ಅದರ ಅತ್ಯಂತ ಪ್ರಸಿದ್ಧವಾದ ಭಾಗ. (ಗ್ರಂಥಾಂತ್ಯದಲ್ಲಿ ಅವನು ರಾಜಧಾನಿಯನ್ನೂ ರಾಜನನ್ನೂ ಜೊತೆಗೆ ತನ್ನನ್ನೂ ಹೊಗಳಿಕೊಂಡಿದ್ದಾನೆ, ಪಂಡಿತರಿಗೂ ಆಕಾಂಕ್ಷೆಯುಂಟು.) ಬಂಗಾಳ ಅಸ್ಸಾಮುಗಳ ಹೊರತು ಹಿಂದೂಗಳ ಮನೆಗಳು ಬಹುಮಟ್ಟಿಗೆ ನಡೆದುಬಂದುದು ಈ ವ್ಯಾಖ್ಯಾನದಂತೆಯೇ. ಅದರಲ್ಲಿ ವಿದ್ಯಾಧನದ ಪ್ರಕರಣವೊಂದಿದೆ. ವಿದ್ಯೆಯಿಂದ ಗಳಿಸಿದ ಹಣವು ಗಳಿಸಿದವನದೇ. ಆದರೆ ಪಿತೃಧನಕ್ಕೆ ಧಕ್ಕೆಯಾಗದಂತೆ ಗಳಿಸಿದ್ದರೆ ಮಾತ್ರ. ಹಗೇವಿನ ಜೋಳವನ್ನು ಖರ್ಚುಮಾಡಿ ಕಲಿತವನ ಗಳಿಕೆಯಲ್ಲಿ ಹಗೇವಿನವರೆಲ್ಲರಿಗೂ ಪಾಲುಂಟೆಂದು ಇದರ ತಾತ್ಪರ್ಯ.

ಈ ನಿಯಮವು ಕಾಲಕ್ರಮದಲ್ಲಿ ಓದಿದವರ ಕೊರಳಿಗೆ ಉರುಳಾಯಿತೆಂಬುದೂ ನಿಜ. ಬಳ್ಳಾರಿ ಜಿಲ್ಲೆಯು ಸೇರಿದ್ದ ಮದರಾಸು ಆಧಿಪತ್ಯದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಭಾಷ್ಯಂ ಅಯ್ಯಂಗಾರರು ವಿದ್ಯಾಧನವನ್ನು ಬಿಡಿಸುವ ಮಸೂದೆಯೊಂದನ್ನು ತಂದರು. ಶಾಸನಸಭೆಯು ಒಪ್ಪಿದರೂ ಗವರ್ನರು ಒಪ್ಪಲಿಲ್ಲ. ೧೯೨೧ರಲ್ಲಿ ಪ್ರೀವಿ ಕೌನ್ಸಿಲು, ಕುಟುಂಬದ ವೆಚ್ಚದಲ್ಲಿ ಓದಿ ಸಿವಿಲ್ ಸರ್ವಿಸಿಗೆ ಸೇರಿದ ಒಬ್ಬನ ಸಂಪಾದನೆಯು ಕುಟುಂಬದ್ದೇ ಎಂದು ತೀರ್ಪಿತ್ತಿತು. ಕೊನೆಗೆ ೧೯೩೦ರ ಶಾಸನವು, ಯಾರ ಹಣದಿಂದ ಓದಿದ್ದರೂ ಗಳಿಕೆಯು ಗಳಿಸಿದವನದೇ ಎಂದು ನಿರ್ಧರಿಸಿತು. ಶಾಸನವಾಗಿ ಅದು ಸರಿಯೇ. ದುಡಿಯದ ದಾಯಾದಿಗಳು ದುಡಿದವನ ಸಂಬಳಕ್ಕೆ ಬಾಯ್ದೆರೆದು ಕೂಡುವುದು ಯಾವ ಮನೆಗೂ ಒಳ್ಳೆಯದಲ್ಲ. ಆದರೆ ನ್ಯಾಯಾಲಯದಲ್ಲಿ ಸಾಲವನ್ನು ವಸೂಲುಮಾಡಲಾಗದೆಂದರೆ ಸಾಲವೇ ಇರಲಿಲ್ಲವೆಂದು ಅರ್ಥವಾಗುವುದೇ? ಓದಿದವರು ಹಾಗೆಯೇ ಅರ್ಥಮಾಡಿಕೊಂಡರು. ಶಾಸನವು ಬಿಡಿಸಿದ್ದು ಕೈಯ ಕೋಳವನ್ನು. ಅವರು ಕಳಚಿಹಾಕಿದ್ದು ನೆನಪನ್ನು.

ಪ್ರೀತಿಯಿಂದ ಕೊಟ್ಟುದಕ್ಕೆ ಲೆಕ್ಕವೆಲ್ಲಿಯದು, ಲೆಕ್ಕವಿಟ್ಟರೆ ಮನೆ ಅಂಗಡಿಯಾಗುವುದೆಂದು ಇನ್ನೊಂದು ಆಕ್ಷೇಪ. ಇದನ್ನು ಕೊಟ್ಟವರು ಹೇಳಿದರೆ ಔದಾರ್ಯ. ಪಡೆದವನು ಹೇಳಿದರೆ ಜಾಣತನ. ಬಾಯಿಬಿಟ್ಟು ಆಡದ ಲೆಕ್ಕವು ಅಳಿದುಹೋಗುವುದಿಲ್ಲ, ಇಪ್ಪತ್ತು ವರ್ಷದ ಮೇಲೆ ಪಾಲುದಾವೆಯ ರೂಪದಲ್ಲಿ ಹೊರಬೀಳುತ್ತದೆ.

ಹಾಗಾದರೆ ಹೊಣೆಯೆಂದರೆ ಏನು? ಹಬ್ಬಕ್ಕೆ ಹೊಸಬಟ್ಟೆ ಕಳುಹಿಸುವುದಲ್ಲ. ಮೊದಲನೆಯದಾಗಿ, ಹೊಲ ಮಾರಿಸಿ ಹೋದವನಿಗೆ ಅಲ್ಪತೃಪ್ತಿಯ ಹಕ್ಕಿಲ್ಲ. ಪ್ರಯತ್ನಿಸಿ ಸೋತವನನ್ನು ಯಾರೂ ದೂರಬಾರದು, ಸೋಲು ಋಣವಂಚನೆಯಲ್ಲ. ಪ್ರಯತ್ನಿಸದೆ ಸುಖವಾಗಿ ಕುಳಿತವನು ಮಾತ್ರ ತಮ್ಮನ ಹರೆಯವನ್ನು ಪೋಲುಮಾಡಿದವನು. ದೊಡ್ಡದನ್ನು ಬಯಸುವುದು ಅವನಿಗೆ ಇಷ್ಟವಷ್ಟೇ ಅಲ್ಲ, ಕರ್ತವ್ಯ. ಎರಡನೆಯದಾಗಿ, ಊರಿನಲ್ಲಿ ಉಳಿದ ತಮ್ಮನ ಮಗಳು ಓದಬೇಕೆಂದಾಗ ಎರಡನೆಯ ಹೊಲವು ಮಾರಾಟವಾಗದಂತೆ ನೋಡಿಕೊಳ್ಳತಕ್ಕವನು ಅವನೇ.

ಇನ್ನುಳಿದದ್ದು ಹೊಲದ ಮಾತು. ೨೦೦೫ರ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಸಮಾನ ಹಕ್ಕುಳ್ಳವರು. ಪರಸ್ಥಳದಲ್ಲಿ ದೊಡ್ಡವನಾದ ಮಗನು, ತನ್ನ ಓದು ನುಂಗಿದ ತುಂಡನ್ನು ಮರೆತು, ಉಳಿದುದರಲ್ಲಿ ಸಮಪಾಲನ್ನು ಕೇಳಿದರೆ ಶಾಸನವು ಅವನಿಗೆ ಅಡ್ಡಬರುವುದಿಲ್ಲ. ಕೇಳಲಿ. ಪಾಲುಪತ್ರಕ್ಕೆ ರುಜುಹಾಕುವ ಮುನ್ನ, ಅಕ್ಕನ ರುಜುವಿರುವ ಹಳೆಯ ಪತ್ರವನ್ನು ಪೆಟ್ಟಿಗೆಯಿಂದ ತೆಗೆದು, ಅಕ್ಕನ ಎದುರಿಗೆ ಒಮ್ಮೆ ಗಟ್ಟಿಯಾಗಿ ಓದಲಿ.