ಬೀದಿಯ ವಾದ್ಯಕ್ಕೆ ವೇದಿಕೆ ಬೇಡವೇ?

ಕೋಲಾರ ಸೀಮೆಯ ಪೇಟೆಗಳಲ್ಲಿ ಮದುವೆಯ ಮೆರವಣಿಗೆ ಹೊರಟರೆ ಅದರ ಮುಂದೆ ಬ್ಯಾಂಡಿನವರು ನಡೆಯುವುದು ಬಹುಕಾಲದ ವಾಡಿಕೆ. ರಾಬರ್ಟ್‌ಸನ್‌ಪೇಟೆಯ ಸುತ್ತಣ ಗಣಿ ಕಾಲೊನಿಗಳಲ್ಲಂತೂ ಸುಖಕ್ಕೂ ದುಃಖಕ್ಕೂ ಈ ವಾದ್ಯಗಾರರು ಬೇಕು. ಡೋಲು ತುತ್ತೂರಿಗಳ ಅಬ್ಬರದ ನಡುವೆ ರಾಗದ ಎಳೆಯನ್ನು ಕೈಬಿಡದೆ ಹಿಡಿದು ನಡೆಯತಕ್ಕವನು ಕ್ಲಾರಿಯೋನೆಟ್ ವಾದಕನು. ಬೀದಿಯಲ್ಲಿ ಅವನ ವಾದನಕ್ಕೆ ತಲೆದೂಗುವ ಸದ್ಗೃಹಸ್ಥರೇ, ಅದೇ ವಾದ್ಯವನ್ನು ರಾಮನವಮಿಯ ಕಚೇರಿಗೆ ಕರೆಸೋಣವೆಂದರೆ ಹುಬ್ಬು ಗಂಟಿಕ್ಕುತ್ತಾರೆ. ಇದು ನ್ಯಾಯವೇ ಎಂಬುದನ್ನು ಮಹಾಜನರು ವಿಚಾರಮಾಡಬೇಕಾಗಿದೆ.

ಇದು ಪರದೇಶದ ವಾದ್ಯ ಎಂಬುದು ಮೊದಲನೆಯ ಆಕ್ಷೇಪ. ಹೌದು, ಸುಮಾರು 1700ರ ವೇಳೆಗೆ ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ ಡೆನ್ನರ್ ಎಂಬ ವಾದ್ಯಶಿಲ್ಪಿಯ ಕೈಯಲ್ಲಿ ಅದು ರೂಪುಗೊಂಡಿತು. ಆದರೆ ಪಿಟೀಲು ಯಾವ ದೇಶದ್ದು? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1858) ಅದನ್ನು ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿಕೊಂಡರು. ತಿರುಮಕೂಡಲು ಚೌಡಯ್ಯನವರು (1895–1967) ಅದಕ್ಕೆ ಏಳು ತಂತಿಗಳನ್ನು ಕಟ್ಟಿ ಮೈಸೂರಿನ ಕೀರ್ತಿಯನ್ನು ಬೆಳಗಿದರು. ಇಂದು ಪಿಟೀಲಿಲ್ಲದ ಹಾಡುಗಾರಿಕೆಯ ಕಚೇರಿಯನ್ನು ಊಹಿಸುವುದೇ ಕಷ್ಟ. ಸ್ವದೇಶಿ ಎಂಬುದು ಮರದ ಜಾತಕವಲ್ಲ. ಅದರಿಂದ ಹೊರಡುವ ನಾದದ ಗುಣ. ಬ್ರಿಟಿಷ್ ರೆಸಿಡೆಂಟರೊಬ್ಬರ ಹೆಸರನ್ನು ಹೊತ್ತ ಮಾತ್ರಕ್ಕೆ ರಾಬರ್ಟ್‌ಸನ್‌ಪೇಟೆಯು ಪರಕೀಯರ ಊರಾಗಿಲ್ಲವಷ್ಟೆ.

ಎರಡನೆಯ ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಗಮಕವೇ ನಮ್ಮ ಸಂಗೀತದ ಜೀವ. ಕೀಲಿಗಳುಳ್ಳ ವಾದ್ಯದಲ್ಲಿ ಗಮಕ ಹೇಗೆ ನುಡಿದೀತು ಎಂದು ಪಂಡಿತರು ಕೇಳುತ್ತಾರೆ. ಇಂಥದೇ ವಾದದಿಂದ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ಬಹಿಷ್ಕರಿಸಿತು. 1971ರವರೆಗೂ ಆ ಕಟ್ಟು ಸಡಿಲವಾಗಲಿಲ್ಲ. ಆದರೆ ಹಾರ್ಮೋನಿಯಮ್ಮಿಗೂ ಕ್ಲಾರಿಯೋನೆಟ್ಟಿಗೂ ಒಂದು ದೊಡ್ಡ ಭೇದವುಂಟು. ಹಾರ್ಮೋನಿಯಮ್ಮಿನ ಸ್ವರವು ಮೊದಲೇ ಕಟ್ಟಿಟ್ಟ ಸ್ವರ. ಕ್ಲಾರಿಯೋನೆಟ್ಟಿನ ಸ್ವರವಾದರೋ ವಾದಕನ ಉಸಿರು, ತುಟಿಯ ಒತ್ತು, ಬೆರಳಿನ ಜಾರು ಈ ಮೂರರಿಂದ ಆ ಕ್ಷಣದಲ್ಲಿ ಹುಟ್ಟತಕ್ಕದ್ದು. ತೆರೆದ ರಂಧ್ರಗಳ ಹಳೆಯ ಮಾದರಿಯ ವಾದ್ಯವನ್ನು ಹಿಡಿದರೆ ಬೆರಳನ್ನು ಮೆಲ್ಲನೆ ಸರಿಸಿ ಸ್ವರದಿಂದ ಸ್ವರಕ್ಕೆ ಜಾರಬಹುದು.

ಅದರಲ್ಲಿ ಕಷ್ಟವಿಲ್ಲವೆಂದು ನಾವು ಹೇಳುವುದಿಲ್ಲ. ನಾಗಸ್ವರದಲ್ಲಿ ಉಸಿರನ್ನು ಬಿಗಿಮಾಡಿದರೆ ಅದೇ ಬೆರಳಿಗೆ ಮೇಲಿನ ಸ್ಥಾಯಿಯ ಅದೇ ಸ್ವರ ದೊರೆಯುತ್ತದೆ. ಕ್ಲಾರಿಯೋನೆಟ್ಟಿನ ಕೊಳವೆಯು ಉದ್ದಕ್ಕೂ ಒಂದೇ ಅಗಲವಾದ ಕಾರಣ, ಷಡ್ಜ ನುಡಿಯುವ ಬೆರಳಿಗೆ ಮೇಲಿನ ಷಡ್ಜವು ಬಾರದೆ, ಅದನ್ನೂ ದಾಟಿದ ಪಂಚಮವು ಬರುತ್ತದೆ. ಆದಕಾರಣ ಕೆಳಗಿನ ಸ್ಥಾಯಿಗೆ ಒಂದು ಬೆರಳುಗಾರಿಕೆ, ಮೇಲಿನದಕ್ಕೆ ಮತ್ತೊಂದು. ಒಂದು ರಾಗವನ್ನು ಎರಡು ಸಾರಿ ಕಲಿಯಬೇಕು! ಇಷ್ಟು ಶ್ರಮಪಟ್ಟು, ಬಿಸಿಲಿನಲ್ಲಿ ನಡೆಯುತ್ತಲೇ ಅದನ್ನು ನುಡಿಸುವವನನ್ನು ನಾವು ಬರಿಯ ಬ್ಯಾಂಡಿನವನೆಂದು ಕರೆದು ಸುಮ್ಮನಾಗುತ್ತೇವೆ.

ಸಾಧ್ಯವೇ ಎಂಬ ಪ್ರಶ್ನೆಗೆ ಸಾಧಕರು ಉತ್ತರ ಕೊಟ್ಟಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿಯೇ ತಂಜಾವೂರಿನ ಮಹಾದೇವ ನಟ್ಟುವನಾರರು ಇದನ್ನು ನಾಟ್ಯದ ಮೇಳಕ್ಕೆ ತಂದರೆಂದು ಸಂಗೀತದ ಇತಿಹಾಸವನ್ನು ಬಲ್ಲವರು ಹೇಳುತ್ತಾರೆ. ತಿರುಚಿನಾಪಳ್ಳಿಯ ಎ. ಕೆ. ಸಿ. ನಟರಾಜನ್‌ರವರು ಈ ವಾದ್ಯದಿಂದಲೇ 2008ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದನ್ನೂ 2022ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ಪಡೆದರು. ನಮ್ಮ ರಾಯಚೂರಿನ ಪಂಡಿತ ನರಸಿಂಹಲು ವಡವಾಟಿಯವರು ಹಿಂದೂಸ್ತಾನಿ ರಾಗಗಳನ್ನು ಇದರಲ್ಲಿ ನುಡಿಸಿ ಹೆಸರಾಗಿದ್ದಾರೆ. ಕ್ಲಾರಿಯೋನೆಟ್ಟಿನ ಹಾಗೆಯೇ ಒಂದೇ ಪೀಪಿಯ ಬಂಧುವಾದ ಸ್ಯಾಕ್ಸೊಫೋನನ್ನು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮನಸೋತ ಕದ್ರಿ ಗೋಪಾಲನಾಥರು, ಅದನ್ನು ನಮ್ಮ ಸಂಗೀತಕ್ಕೆ ಪಳಗಿಸಿ 1994ರಲ್ಲಿ ಲಂಡನ್ನಿನ ಬಿ. ಬಿ. ಸಿ. ಪ್ರೊಮೆನೇಡ್ ಕಚೇರಿಯವರೆಗೆ ಒಯ್ದರು. ಅವರು 2019ರಲ್ಲಿ ಕಾಲವಾದಾಗ ನಾಡೆಲ್ಲ ಮರುಗಿತು. ಬ್ಯಾಂಡಿನಿಂದ ಕಚೇರಿಗೆ ದಾರಿಯಿಲ್ಲವೆಂಬ ಮಾತು ಇನ್ನು ನಿಲ್ಲದು.

ಹಾಗಾದರೆ ಅಡ್ಡಿ ಯಾವುದು? ಕಹಿಯಾದರೂ ಹೇಳಿಯೇ ತೀರಬೇಕು. ವೇದಿಕೆಯಿಂದ ದೂರವಿಟ್ಟಿರುವುದು ವಾದ್ಯವನ್ನಲ್ಲ, ಅದನ್ನು ಊದುವ ಮನುಷ್ಯನನ್ನು. ಬ್ಯಾಂಡಿನವರು ಬಹುಮಟ್ಟಿಗೆ ಬಡವರು, ಅನೇಕರು ದಲಿತರು. ಮದುವೆಯ ಮನೆಯಲ್ಲಿ ಅವರಿಗೆ ಚಪ್ಪರದ ಹೊರಗೆ ನಿಲ್ಲುವ ಜಾಗ, ಕಡೆಯ ಪಂಕ್ತಿಯ ಊಟ. ಶವದ ಮುಂದೆ ಊದಿದ ಬಾಯಿ ದೇವರ ಮುಂದೆ ಊದಬಾರದೆಂಬ ಮನೋಭಾವವನ್ನು ಶಾಸ್ತ್ರೀಯತೆಯ ಹೆಸರಿನಿಂದ ಮುಚ್ಚಿಟ್ಟುಕೊಂಡಿದ್ದೇವೆ. ನಾದಕ್ಕೆ ಮೈಲಿಗೆಯುಂಟೇ?

ಕ್ಲಾರಿಯೋನೆಟ್ಟಿಗೆ ಮಣೆಹಾಕಿದರೆ ಓಲಗದವರ ಅನ್ನಕ್ಕೆ ಕುತ್ತು ಬರುವುದೆಂದು ಕೆಲವರು ಹೇಳಬಹುದು. ನಾಗಸ್ವರವು ಮಂಗಳವಾದ್ಯ, ಅದರ ಸ್ಥಾನವನ್ನು ಯಾರೂ ಕೇಳುತ್ತಿಲ್ಲ. ಈಗ ಓಲಗವನ್ನೂ ಬ್ಯಾಂಡನ್ನೂ ಒಟ್ಟಿಗೆ ನುಂಗುತ್ತಿರುವುದು ಲಾರಿಯ ಮೇಲೆ ಹೇರಿದ ಧ್ವನಿಪೆಟ್ಟಿಗೆಗಳ ಆರ್ಭಟ. ಇಬ್ಬರು ಕಲಾವಿದರೂ ಒಂದೇ ದೋಣಿಯಲ್ಲಿದ್ದಾರೆ. ಒಬ್ಬರನ್ನೊಬ್ಬರು ನೂಕುವುದರಿಂದ ಫಲವಿಲ್ಲ.

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊಟ್ಟಮೊದಲು ಹರಿದು ಬಂದ ಈ ನೆಲದ ಮಕ್ಕಳು ಇಂದು ಕೆಲಸಕ್ಕಾಗಿ ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ರೈಲು ಹತ್ತಿ ದಿನವೂ ಬೆಂಗಳೂರಿಗೆ ಹೋಗಿಬರುತ್ತಾರೆ. ಮೂರು ಸಾವಿರ ಮೀಟರಿಗೂ ಆಳಕ್ಕೆ ಇಳಿದು ತೆಗೆದ ಚಿನ್ನವು ನಾಡಿನ ಹೊರಗೆ ಹೋಯಿತು. ಉಳಿದಿರುವುದು ಜನರು ಮತ್ತು ಅವರ ಕೈಯ ಕಸುಬು. ತಮಿಳು, ತೆಲುಗು, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಬರುವ ಊರಿನಲ್ಲಿ ಎಲ್ಲರಿಗೂ ತಿಳಿಯುವ ಭಾಷೆ ಈ ವಾದ್ಯದ್ದು. ತಂದೆಯ ಬಳಿಕ ಮಗನು ಅದನ್ನು ಮುಟ್ಟದೆ ಹೋದರೆ, ಆ ನಷ್ಟವನ್ನು ಯಾವ ಗಣಿಯೂ ತುಂಬಿಕೊಡಲಾರದು.

ಆದಕಾರಣ ನಮ್ಮ ಸೂಚನೆಗಳು ಮೂರು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯದ ನೆರವಿನಿಂದ ಸರ್ಕಾರದವರು ರಾಬರ್ಟ್‌ಸನ್‌ಪೇಟೆಯಲ್ಲಿ ಸಂಜೆಯ ಕ್ಲಾರಿಯೋನೆಟ್ ತರಗತಿಯೊಂದನ್ನು ತೆರೆಯಲಿ. ಅಲ್ಲಿ ಬ್ಯಾಂಡಿನ ಹಿರಿಯರನ್ನೇ ಸಂಬಳಕೊಟ್ಟು ಉಪಾಧ್ಯಾಯರನ್ನಾಗಿ ನೇಮಿಸಲಿ. ಜಿಲ್ಲೆಯ ಸಂಗೀತ ಸಭೆಗಳು ಉತ್ಸವಕ್ಕೊಂದರಂತೆ ಒಂದು ಸಂಜೆಯನ್ನು ಈ ವಾದ್ಯಕ್ಕೆ ಮೀಸಲಿಡಲಿ. ಮೂರನೆಯದಕ್ಕೆ ಹಣವೂ ಬೇಡ, ಠರಾವೂ ಬೇಡ. ಮುಂದಿನ ಮದುವೆಯಲ್ಲಿ ಮೆರವಣಿಗೆ ಮುಗಿದೊಡನೆ ವಾದಕನನ್ನು ಚಪ್ಪರದ ಒಳಗೆ ಕರೆದು, ಕುರ್ಚಿ ಕೊಟ್ಟು, ಒಂದು ಕೀರ್ತನೆಯನ್ನು ಪೂರ್ತಿಯಾಗಿ ನುಡಿಸುವಂತೆ ಕೇಳಿಕೊಳ್ಳಿರಿ. ಮೊದಲ ಪಂಕ್ತಿಯಲ್ಲಿ ಅವನಿಗೂ ಎಲೆ ಹಾಕಿರಿ. ವೇದಿಕೆಯು ಅಲ್ಲಿಂದಲೇ ಆರಂಭವಾಗಲಿ.