ಕೇಳುವ ಮುನ್ನ

ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳ ಜೀವನವನ್ನು ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಅಲ್ಲಿಯೇ ನೆಲಸಿ ಅಭ್ಯಸಿಸಿದರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು. ಇನ್ನೊಂದು ಮಳೆಯನ್ನೇ ನಂಬಿತ್ತು. ನೀರಾವರಿಯ ಪರಿಣಾಮವನ್ನು ಅರಿಯಲು ಇದು ಉಚಿತವಾದ ಹೋಲಿಕೆ. 1962ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಆ ಹಳ್ಳಿಗಳ ನಿಜನಾಮಗಳಿಲ್ಲ. ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳಿವೆ. ಹೆಸರನ್ನು ಮರೆಸುವುದು ಸತ್ಯಕ್ಕೆ ಅಪಚಾರವೆಂದು ಕೆಲವರಿಗೆ ತೋರಬಹುದು. ಆದರೆ ಸಾಲಸೋಲಗಳನ್ನೂ ಮನೆತನದ ವ್ಯಾಜ್ಯಗಳನ್ನೂ ನಂಬಿ ನುಡಿದವರ ಮಾನವನ್ನು ಕಾಯುವುದು ಸಂಶೋಧಕನ ಕರ್ತವ್ಯವಲ್ಲವೆ?

ಅದೇ ಜಿಲ್ಲೆಯ ಬಾಬುರಾಯನಕೊಪ್ಪಲಿನಲ್ಲಿ ವಿದ್ಯಾರ್ಥಿಗಳು ಬೇಸಾಯವನ್ನು ಕುರಿತು ಸಮೀಕ್ಷೆ ಕೈಗೊಂಡರೆನ್ನೋಣ. ಹೆಸರನ್ನು ಬಿಟ್ಟ ಮಾತ್ರಕ್ಕೆ ಅವರ ಹೊಣೆ ತೀರದು. ‘ಗುಡಿಯ ಹಿಂದಿನ ಮನೆಯ ವಿಧವೆ, ಎರಡು ಎಕರೆ ಗದ್ದೆ, ಇಷ್ಟು ಸಾಲ’ ಎಂದು ಬರೆದರೆ ಊರಿಗೆ ಊರೇ ಆಕೆಯನ್ನು ಗುರುತಿಸುತ್ತದೆ. ಆದುದರಿಂದ ಪ್ರಶ್ನಾವಳಿಯನ್ನು ರಚಿಸುವಾಗಲೇ ಈ ವಿವೇಚನೆ ಬೇಕು. ನೀರಿನ ಸರದಿಯನ್ನು ತಿಳಿಯುವುದಷ್ಟೇ ಉದ್ದೇಶವಾದರೆ ಸಾಲದ ಪ್ರಶ್ನೆ ಏಕೆ? ತೂಬಿನ ಬಳಿ ನಿಂತು ನೀರು ಹರಿದ ದಿನಗಳನ್ನು ಎಣಿಸಿದರೆ ಸಾಕು. ಸಾಲವನ್ನೇ ಅರಿಯಬೇಕಾದರೆ ಮೊದಲು ಉದ್ದೇಶವನ್ನು ತಿಳಿಸಿ, ಒಪ್ಪಿಗೆ ಪಡೆದು, ಉತ್ತರಗಳನ್ನು ಒಟ್ಟು ಲೆಕ್ಕದಲ್ಲಿ ಮಾತ್ರ ತೋರಿಸಬೇಕು. ‘ಹೇಳಲಾರೆ’ ಎಂದವರನ್ನು ಉಪಾಧ್ಯಾಯರ ಹೆಸರೆತ್ತಿ ಒತ್ತಾಯಿಸುವುದಂತೂ ಸಲ್ಲದು. ಅಂಥ ಮನೆಗಳು ಇಷ್ಟೆಂದು ವರದಿಯಲ್ಲಿ ನಮೂದಿಸಿ ಮುಂದಿನ ಮನೆಗೆ ಹೋಗಬೇಕು.